ನಿಲ್ಲೋ ಜಾಗ ಮೊದಲು, ಲೆನ್ಸು ಆಮೇಲೆ

ಫೋಟೋ ಹುಚ್ಚಿನವರು ಇಬ್ಬರು ಸೇರಿದರೆ ಕ್ಯಾಮೆರಾ ವಿಷಯ ಐದು ನಿಮಿಷಕ್ಕೆ ಮುಗಿಯುತ್ತದೆ. ಲೆನ್ಸಿನ ವಿಷಯ ಟೀ ಅಂಗಡಿಯವನು ಬಾಗಿಲು ಎಳೆಯುವವರೆಗೂ ನಡೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಬಾಡಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುತ್ತೇವೆ, ಒಳ್ಳೆಯ ಲೆನ್ಸು ಮಕ್ಕಳ ಕೈಗೂ ಹೋಗುತ್ತದೆ. ಹಾಗಾಗಿ ನಿಕಾನ್‌ನ 105, ಕ್ಯಾನನ್‌ನ 135, ಲೈಕಾದ ಸಮ್ಮಿಕ್ರಾನ್, ರಷ್ಯಾದ ಹೀಲಿಯೋಸ್ ಹೆಸರುಗಳನ್ನು ನಮ್ಮ ಹುಡುಗರು ಕ್ರಿಕೆಟಿಗರ ಹೆಸರಿಗಿಂತ ಸಲೀಸಾಗಿ ಹೇಳುತ್ತಾರೆ.

ನಾನು ಹುಣಸೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡವನು. ಹೊಟ್ಟೆಪಾಡಿಗೆ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಹುಚ್ಚಿಗೆ ಕಾಡು, ಜಾತ್ರೆ, ಹಕ್ಕಿ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲವೂ ಬೈಕಿನ ಅಳತೆಯಲ್ಲೇ ಇವೆ. ಈ ನಾಲ್ಕು ತಾಲ್ಲೂಕಲ್ಲಿ ಸುತ್ತಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಂಪನಿಯವರ ಚಾರ್ಟು ನೋಡಿ ಬರೆದದ್ದಲ್ಲ.

1. ‘ಯಾವ ಲೆನ್ಸು ಬೆಸ್ಟು?’ ಎಂದು ಕೇಳುವ ಮುಂಚೆ ‘ಎಲ್ಲಿ ನಿಲ್ಲುತ್ತೇನೆ?’ ಎಂದು ಕೇಳಿಕೊಳ್ಳಿ

ಫ್ರೇಮಿನೊಳಗೆ ಎಷ್ಟು ಹಿಡಿಸುತ್ತದೆ ಎಂಬುದನ್ನಷ್ಟೇ ಫೋಕಲ್ ಲೆಂಗ್ತ್ ಹೇಳುತ್ತದೆ. ಮೂಗು ದಪ್ಪ ಕಾಣುತ್ತದೋ, ಹಿಂದಿನ ಬೆಟ್ಟ ಬೆನ್ನಿಗೇ ಅಂಟಿದ ಹಾಗೆ ಕಾಣುತ್ತದೋ ಎಂಬುದೆಲ್ಲ ನಾವು ನಿಂತ ದೂರದ ಆಟ. ನಮ್ಮ ಕಡೆ ಆ ದೂರ ಫೋಟೋಗ್ರಾಫರನ ಕೈಲಿರುವುದು ಅಪರೂಪ. ಕಬಿನಿ ಸಫಾರಿಯ ದಮ್ಮನಕಟ್ಟೆ ಗೇಟು ದಾಟಿದ ಮೇಲೆ ಜೀಪಿನಿಂದ ಕಾಲು ಕೆಳಗಿಡುವಂತಿಲ್ಲ. ಅಲ್ಲಿ ದೂರ ಗೊತ್ತುಮಾಡುವವನು ಡ್ರೈವರು, ಅವನಿಗಿಂತ ಹೆಚ್ಚಾಗಿ ಆನೆ. ಮದುವೆ ಮಂಟಪದಲ್ಲಿ ಪುರೋಹಿತರು, ಸೋದರತ್ತೆಯರು. ಬೈಲಕುಪ್ಪೆಯ ಬೌದ್ಧ ಮಂದಿರದಲ್ಲಿ ಬೆನ್ನ ಹಿಂದಿನ ಗೋಡೆ.

ಒಂದು ಲೆಕ್ಕ ಹಾಕಿ. ಮೂರು ಮೀಟರ್ ಎತ್ತರದ ಆನೆ 100 ಮೀಟರ್ ದೂರದಲ್ಲಿದೆ, ನಿಮ್ಮ ಹತ್ತಿರ 500 ಎಂಎಂ ಇದೆ. ಸೆನ್ಸರ್ ಮೇಲೆ ಬೀಳುವ ಆನೆ 15 ಎಂಎಂ ಎತ್ತರ. ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಎಂಎಂ. ಅಂದರೆ ಆನೆಯ ಸುತ್ತ ಉಸಿರಾಡಲು ಹದವಾದ ಜಾಗ. ಅದೇ ಆನೆ 30 ಮೀಟರಿಗೆ ಬಂದರೆ 50 ಎಂಎಂ ಆಗುತ್ತದೆ. ಕಿವಿ, ಕಣ್ಣು, ಸೊಂಡಿಲ ಬುಡ ಇಷ್ಟೇ ಸಿಗುತ್ತದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು, ತೆರೆದ ದಡದಲ್ಲಿ ಹುಲ್ಲು ಚಿಗುರಿ, ಆನೆ ಹಿಂಡುಹಿಂಡಾಗಿ ಬರುತ್ತವಲ್ಲ, ಆಗ ದೊಡ್ಡ ಲೆನ್ಸೊಂದನ್ನೇ ಹೊತ್ತು ಬಂದವರ ಕಾರ್ಡಿನಲ್ಲಿ ಬರೀ ಕಣ್ಣು ಕಿವಿಗಳೇ ತುಂಬಿರುತ್ತವೆ. ಹಿಂಡು, ನೀರು, ಆಚೆ ದಡದ ಒಣ ಮರ ಎಲ್ಲ ಬೇಕಾದವರಿಗೆ 70-200 ಸಾಕು.

2. 50 ಎಂಎಂ ಬಡವರ ಲೆನ್ಸು ಎನ್ನುವವರ ಮಾತು ಕೇಳಬೇಡಿ, ಆದರೆ ನಿಮ್ಮ ಬಾಡಿ ಯಾವುದೆಂದು ನೋಡಿ

50 ಎಂಎಂ ಎಫ್ 1.8ರಷ್ಟು ಕಡಿಮೆ ದುಡ್ಡಿಗೆ ಅಷ್ಟು ಬೆಳಕು ಕೊಡುವ ಲೆನ್ಸು ಇನ್ನೊಂದಿಲ್ಲ. 1990ರಲ್ಲಿ ಬಂದ ಕ್ಯಾನನ್‌ನ ಪ್ಲಾಸ್ಟಿಕ್ ಮೌಂಟಿನದು ಕೈಲಿ ಹಿಡಿದರೆ ಆಟದ ಸಾಮಾನಿನಂತಿತ್ತು, ತೂಕ 130 ಗ್ರಾಂ. ಅದರಲ್ಲೇ ಎಷ್ಟೋ ಜನ ಕೈ ಪಳಗಿಸಿಕೊಂಡರು. ಕಾರ್ಟಿಯೇ-ಬ್ರೆಸೋನ್ ಬಹುಪಾಲು ಕೆಲಸ ಮಾಡಿದ್ದು ಲೈಕಾದ ಮೇಲೆ 50 ಹಾಕಿಕೊಂಡೇ.

ಹೊಸಬರು ಕೊಳ್ಳುವ ಕ್ಯಾಮೆರಾದಲ್ಲಿ ಮಾತ್ರ ಸಾಮಾನ್ಯವಾಗಿ ಸಣ್ಣ ಸೆನ್ಸರ್ ಇರುತ್ತದೆ. ಅದರ ಮೇಲೆ 50 ಹಾಕಿದರೆ ನಿಕಾನ್‌ನಲ್ಲಿ 75, ಕ್ಯಾನನ್‌ನಲ್ಲಿ 80ರ ನೋಟ. ಒಬ್ಬರ ಮುಖಕ್ಕೆ ಅದು ಸೊಗಸು. ಹತ್ತಕ್ಕೆ ಹನ್ನೆರಡಡಿ ಕೋಣೆಯಲ್ಲಿ ತೊಟ್ಟಿಲು, ಮಗು, ಅಜ್ಜಿ, ನೆಂಟರು ಎಲ್ಲರೂ ಬೇಕೆಂದರೆ ಗೋಡೆಗೆ ಬೆನ್ನು ತಗುಲಿದ ಮೇಲೂ ಅರ್ಧ ಜನ ಹೊರಗೆ. ಅಂಥವರಿಗೆ ನಾನು ಹೇಳುವುದು 35 ಎಫ್ 1.8. ಒಂದೇ ಲೆನ್ಸಿನಲ್ಲಿ ಆಗುತ್ತದಾ ಎನ್ನಬೇಡಿ; ಹಳೆಯ ಸ್ಟುಡಿಯೊಗಳ ಯಾಶಿಕಾ ಮ್ಯಾಟ್‌ಗೆ ಇದ್ದದ್ದು 80 ಎಂಎಂ ಎಫ್ 3.5 ಒಂದೇ ಲೆನ್ಸು, ಅದೂ ಬಿಚ್ಚಿ ಬದಲಾಯಿಸಲಾಗದ್ದು. ರೀಲಿಗೆ ಹನ್ನೆರಡು ಫೋಟೋ. ಸ್ಕೂಲ್ ಗ್ರೂಪ್ ಫೋಟೋದಿಂದ ಹಿಡಿದು ಗೃಹಪ್ರವೇಶದವರೆಗೆ ಅದರಲ್ಲೇ ನಡೆಯುತ್ತಿತ್ತು; ಆ ಕಾಲದವರ ಜೂಮು ಅವರ ಕಾಲಲ್ಲೇ ಇತ್ತು.

3. ಮುಖಕ್ಕೆ 105, ಮಾತಿಗೂ 105

1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಹಸಿರುಗಣ್ಣಿನ ಅಫ್ಘನ್ ಹುಡುಗಿಯ ಫೋಟೋ ನೋಡದವರಿಲ್ಲ. ಮರುವರ್ಷ ಜೂನ್‌ನಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಮುಖಪುಟಕ್ಕೆ ಬಂತು. ಅದು ನಿಕ್ಕಾರ್ 105 ಎಂಎಂ ಎಫ್ 2.5ರ ಕೆಲಸ. ಕೈಯಲ್ಲೇ ಫೋಕಸ್ ಮಾಡಬೇಕಾದ ಆ ಹಳೇ ಲೆನ್ಸು ಇವತ್ತಿಗೂ ಸೆಕೆಂಡ್‌ಹ್ಯಾಂಡಿನಲ್ಲಿ ಓಡುತ್ತಿರುವುದಕ್ಕೆ ಆ ಒಂದು ಫೋಟೋವೇ ಅರ್ಧ ಕಾರಣ.

ನನಗೆ 105ರ ಬೆಲೆ ಗೊತ್ತಾದದ್ದು ಚುಂಚನಕಟ್ಟೆಯಲ್ಲಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿ ದನಗಳ ಜಾತ್ರೆ. ಮಂಜು ಇನ್ನೂ ಎದ್ದಿರುವುದಿಲ್ಲ, ಹಳ್ಳಿಕಾರ್ ಎತ್ತುಗಳ ಮೈಯಿಂದ ಹಬೆ ಏಳುತ್ತಿರುತ್ತದೆ, ಪಕ್ಕದಲ್ಲಿ ಒಲೆ ಉರಿಯುತ್ತಿರುತ್ತದೆ. 105ರಲ್ಲಿ ತಲೆ-ಭುಜ ಬರಬೇಕೆಂದರೆ ಎರಡು ಮೀಟರ್ ದೂರ ನಿಲ್ಲಬೇಕು. ಅದು ಮಾತಾಡುವ ದೂರ. 200ರಲ್ಲಿ ತೆಗೆದರೆ ಆ ಕಡೆಯವರಿಗೆ ಯಾರೋ ಕದ್ದು ನೋಡುತ್ತಿದ್ದಾರೆ ಅನ್ನಿಸುತ್ತದೆ, 35ರಲ್ಲಿ ತೆಗೆದರೆ ಮೂತಿಯ ಮೇಲೇ ಬಿದ್ದ ಹಾಗೆ.

‘ನನ್ ಮುಖ ಏನ್ ತೆಗಿತೀಯಪ್ಪಾ, ಎತ್ತಿಂದ್ ತೆಗಿ. ಕೊಂಬು ಪೂರ್ತಿ ಬರ್ಬೇಕು.’

‘ತೆಗಿತೀನಿ ಯಜಮಾನ್ರೇ, ನೀವು ಹಗ್ಗ ಹಿಡ್ಕಂಡು ಹಂಗೇ ನಿಂತ್ಕಳಿ.’

ಅವರು ಹಗ್ಗ ಹಿಡಿದು, ಎತ್ತಿನ ಗಂಗೆದೊಗಲು ಸವರುತ್ತ, ಕ್ಯಾಮೆರಾ ಮರೆತು ಪಕ್ಕದವನ ಹತ್ತಿರ ರೇಟು ಮಾತಾಡಲು ಶುರುಮಾಡುತ್ತಾರೆ. ಒತ್ತಬೇಕಾದ್ದು ಆಗ. ಕೊಂಬು ಬೇಕೆಂದವರಿಗೆ ಆಮೇಲೆ ಹಿಂದೆ ಸರಿದು ಕೊಂಬೂ ತೆಗೆದುಕೊಡಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಹತ್ತಿರ ಸೇರಿಸುವುದಿಲ್ಲ.

4. ಎಫ್ 1.2 ತೋರಿಸಿಕೊಳ್ಳಲು, ಎಫ್ 4 ಧಾರೆಗೆ

ಲೆನ್ಸು ಪ್ರೇಮಿಗಳ ಕತೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಝೈಸ್ ಕಂಪನಿ ನಾಸಾಗಾಗಿ ಮಾಡಿದ 50 ಎಂಎಂ ಎಫ್ 0.7ರದ್ದು. ಮಾಡಿದ್ದು ಹತ್ತೇ ಹತ್ತು. ಸ್ಟ್ಯಾನ್ಲಿ ಕ್ಯೂಬ್ರಿಕ್ ಅದನ್ನು ತಂದು 1975ರ ‘ಬ್ಯಾರಿ ಲಿಂಡನ್’ ಸಿನಿಮಾಕ್ಕೆ ಬರೀ ಮೇಣದಬತ್ತಿ ಬೆಳಕಲ್ಲಿ ದೃಶ್ಯ ಹಿಡಿದರು. ಫೋಕಸ್ ಅಷ್ಟು ತೆಳುವಾದ್ದರಿಂದ ನಟರು ಕೂತಲ್ಲಿಂದ ಹೆಚ್ಚು ಅಲುಗಾಡುವಂತಿರಲಿಲ್ಲ.

ಧಾರೆಯಲ್ಲಿ ಯಾರಿಗೆ ಅಲುಗಾಡಬೇಡಿ ಅನ್ನುತ್ತೀರಿ? 85 ಎಂಎಂ ಎಫ್ 1.4 ಪೂರ್ತಿ ತೆರೆದು ಎರಡು ಮೀಟರಿನಿಂದ ತೆಗೆದರೆ ಚೂಪಾಗಿ ಬರುವ ಪಟ್ಟಿ ನಾಲ್ಕೂವರೆ ಸೆಂಟಿಮೀಟರ್. ಹುಡುಗಿಯ ಕಣ್ಣು ಸಿಕ್ಕಿದರೆ ಕಿವಿಯ ಜುಮುಕಿ ಹೋಯಿತು. ಧಾರೆ ಎಂದರೆ ಕಲಶ ಹಿಡಿದ ಕೈ, ಅದರ ಕೆಳಗೆ ಮತ್ತೊಂದು ಕೈ, ತೆಂಗಿನಕಾಯಿ, ಹಾಲು ಬಿಡುವ ತಾಯಿ, ಹಿಂದೆ ಕಣ್ಣೊರೆಸಿಕೊಳ್ಳುವ ದೊಡ್ಡಪ್ಪ. ಇವರೆಲ್ಲ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಆಲ್ಬಂ ಬಿಚ್ಚಿದಾಗ ಮನೆಯವರು ಹಿನ್ನೆಲೆ ಎಷ್ಟು ಚೆನ್ನಾಗಿ ಮಸುಕಾಗಿದೆ ಎಂದು ನೋಡುವುದಿಲ್ಲ, ‘ದೊಡ್ಡಪ್ಪನ ಮುಖ ಯಾಕೆ ಮಬ್ಬಾಗಿದೆ?’ ಎಂದೇ ಕೇಳುವುದು. 24-70 ಹಾಕಿ, ಎಫ್ 4ಕ್ಕೆ ಇಳಿಸಿ, ಐಎಸ್‌ಒ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

1996ರಿಂದ ಹೆಸರು ಮಾಡಿದ ಕ್ಯಾನನ್ 135 ಎಫ್ 2ನ್ನು ಛತ್ರದಲ್ಲಿ ಬಳಸಲು ಜಾಗವೇ ಇರುವುದಿಲ್ಲ. ಆರತಕ್ಷತೆಯ ಸಾಲು ಕರಗಿ, ಹುಡುಗ ಹುಡುಗಿ ಇಬ್ಬರೇ ಉಳಿದಾಗ ಹೊರತೆಗೆಯಿರಿ. ಆಗ ಅದರ ಹೊಗಳಿಕೆ ಸುಳ್ಳಲ್ಲ ಎಂದು ಗೊತ್ತಾಗುತ್ತದೆ.

5. ಕಬಿನಿಯಲ್ಲಿ ಉದ್ದಕ್ಕಿಂತ ಬೆಳಕು ದುಬಾರಿ, ಬೆಳಕಿಗಿಂತ ಕಾಯುವುದು ದುಬಾರಿ

ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಜನ ದುಡ್ಡು ಸುರಿಯುವುದು ಇಲ್ಲೇ.

600 ಎಫ್ 4 ಎಲ್ಲರ ಕನಸು. ಹೊಸದರ ಬೆಲೆ ಹತ್ತು ಲಕ್ಷ ದಾಟುತ್ತದೆ. 1999ರಲ್ಲಿ ಬಂದ ಕ್ಯಾನನ್‌ನ 600 ಐದು ಕೆಜಿಗೂ ಮೇಲಿತ್ತು, 2018ರ ಮೂರನೇ ಆವೃತ್ತಿ ಮೂರು ಕೆಜಿಗೆ ಇಳಿದಿದೆ. ಅದರ ಹೆಚ್ಚುಗಾರಿಕೆ ಬೆಳಗಿನ ಮೊದಲ ಅರ್ಧ ಗಂಟೆ, ಸಂಜೆಯ ಕೊನೆಯ ಅರ್ಧ ಗಂಟೆ ಕಾಣುತ್ತದೆ. ತೇಗ, ಮತ್ತಿ ಮರಗಳ ನೆರಳಲ್ಲಿ ಎಫ್ 6.3ರ ಜೂಮಿಗೆ ಐಎಸ್‌ಒ 6400 ಬೇಕಾದ ಕಡೆ ಎಫ್ 4ಕ್ಕೆ 2500 ಸಾಕು. ಬಿಸಿಲೇರಿದ ಮೇಲೆ ಈ ಅಂತರ ಕರಗುತ್ತದೆ. ನಡುಹೊತ್ತಿನ ಬೇಸಿಗೆಯಲ್ಲಂತೂ ಹಿನ್ನೀರ ಬಯಲಿನಿಂದ ಏಳುವ ಝಳಕ್ಕೆ 200 ಮೀಟರ್ ಆಚೆಯ ಯಾವ ಪ್ರಾಣಿಯೂ ಚೂಪಾಗಿ ಬರುವುದಿಲ್ಲ. ಲೆನ್ಸು ಎಷ್ಟು ಲಕ್ಷದ್ದಾದರೂ ಗಾಳಿ ನಡುಗುವುದನ್ನು ನಿಲ್ಲಿಸಲಾರದು.

ನಮ್ಮಂಥವರ ಮನೆಗೆ ಕಾಡನ್ನು ತಂದದ್ದು 2015ರ ನಿಕಾನ್ 200-500 ಎಫ್ 5.6, ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 150-600. ಎರಡು ಕೆಜಿ ಆಸುಪಾಸಿನ ತೂಕ, ಲಕ್ಷದ ಆಸುಪಾಸಿನ ಬೆಲೆ. ಇವು ಬರುವವರೆಗೆ ಹುಲಿ ಫೋಟೋ ಎಂದರೆ ಸಾಹುಕಾರರ ಬಾಬತ್ತಾಗಿತ್ತು. 2018ರಲ್ಲಿ ಬಂದ ನಿಕಾನ್ 500 ಪಿಎಫ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಒಂದೂವರೆ ಕೆಜಿಯೊಳಗೆ 500 ಎಂಎಂ. ಜೀಪಿನ ಸೀಟಲ್ಲಿ ಆರು ಜನರ ಮಧ್ಯೆ ಎಡಕ್ಕೂ ಬಲಕ್ಕೂ ತಿರುಗಿಸುವವನಿಗೆ ಆ ತೂಕ ಇಳಿದದ್ದು ಎಷ್ಟು ದೊಡ್ಡದೆಂದು ಗೊತ್ತು.

ಟ್ರೈಪಾಡ್ ಮನೆಯಲ್ಲೇ ಬಿಡಿ. ಹಳೇ ಪ್ಯಾಂಟಿನ ಕಾಲು ಹೊಲಿದು, ಎರಡು ಸೇರು ರಾಗಿ ತುಂಬಿದರೆ ಒಳ್ಳೆ ಬೀನ್ ಬ್ಯಾಗ್ ಆಗುತ್ತದೆ. ಜೀಪಿನ ಕಂಬಿಯ ಮೇಲೆ ಅದನ್ನಿಟ್ಟು ಅದರ ಮೇಲೆ ಲೆನ್ಸಿಡಿ. ಎಂಜಿನ್ ಆಫ್ ಮಾಡುವಂತೆ ಡ್ರೈವರಣ್ಣನಿಗೆ ಹೊರಡುವ ಮುಂಚೆಯೇ ನಯವಾಗಿ ಹೇಳಿಡಿ, ಹುಲಿ ಕಂಡ ಮೇಲೆ ಕಿರುಚಬೇಡಿ. ಉದ್ದ ಲೆನ್ಸಿಗೆ ಸಫಾರಿಯಲ್ಲಿ ಬೇರೆ ಶುಲ್ಕವಿದೆ. ಎಷ್ಟೆಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಕಬಿನಿಯ ಕರಿಚಿರತೆ ‘ಸಾಯಾ’ದ ಹಿಂದೆ ಫೋಟೋಗ್ರಾಫರ್ ಶಾಝ್ ಜಂಗ್ ವರ್ಷಗಟ್ಟಲೆ ಅಲೆದರು. ಮಿಥುನ್ ಎಚ್. ತೆಗೆದ, ಚಿರತೆ ಕ್ಲಿಯೋಪಾತ್ರಾಳ ಬೆನ್ನಿಗೇ ನೆರಳಿನಂತೆ ನಿಂತ ಸಾಯಾನ ಫೋಟೋ 2020ರಲ್ಲಿ ಎಲ್ಲರ ಮೊಬೈಲಿಗೂ ಬಂತು. ಆ ಫೋಟೋ ಹಿಡಿದುಕೊಂಡು ನಮ್ಮ ಸ್ಟುಡಿಯೊಗೆ ಬಂದವರೆಲ್ಲ ಕೇಳಿದ್ದು ‘ಯಾವ ಲೆನ್ಸು ಸಾರ್?’ ಎಂದು. ಮಿಥುನ್ ದಿನಗಟ್ಟಲೆ ಒಂದೇ ಕಡೆ ಕಾದಿದ್ದರು ಎಂದರೆ ಮುಖ ಬಾಡಿಸಿಕೊಳ್ಳುತ್ತಿದ್ದರು. ಎರಡೂ ಪ್ರಾಣಿ ಒಂದೇ ಗೆರೆಯಲ್ಲಿ, ಒಂದೇ ಕಡೆ ಮುಖ ಮಾಡಿ ನಿಂತದ್ದರಲ್ಲಿದೆ ಆ ಫೋಟೋದ ಜೀವ. ಇನ್ನೂ ಹಿಂದೆ ಹೋದರೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಕಾಲ. ಆಟೊಫೋಕಸ್ ಇಲ್ಲ, ಇಷ್ಟುದ್ದದ ಜೂಮ್ ಇಲ್ಲ. ಮರೆ ಕಟ್ಟಿಕೊಂಡು, ಹಕ್ಕಿಗೆ ಹೆದರಿಕೆ ಹೋಗುವವರೆಗೆ ಅಲ್ಲೇ ಕೂರುತ್ತಿದ್ದರು.

6. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಜೂಮ್ ಲೆನ್ಸು ಒಯ್ಯಬೇಡಿ

ಹುಣಸೂರು, ಪಿರಿಯಾಪಟ್ಟಣದಲ್ಲಿ ಮಳೆಗಾಲವೆಂದರೆ ಹೊಗೆಸೊಪ್ಪಿನ ಕೆಲಸ. ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿರುತ್ತಾರೆ. ಬೆರಳೆಲ್ಲ ಅಂಟಿನಿಂದ ಕಪ್ಪಾಗಿರುತ್ತದೆ. ಸುಮ್ಮನೆ ಒಂದು ಕಡ್ಡಿ ಎತ್ತಿಕೊಟ್ಟರೂ ಆ ಅಂಟು ನಿಮ್ಮ ಕೈಗೆ, ಕೈಯಿಂದ ಜೂಮ್ ರಿಂಗಿಗೆ. ಅದರ ಮೇಲೆ ಧೂಳು ಕೂತರೆ ರಬ್ಬರಿನ ಗೀರುಗಳಲ್ಲಿ ಸೇರಿಕೊಂಡು, ರಿಂಗು ತಿರುಗಿಸುವಾಗ ಕರಕರ ಎನ್ನುತ್ತದೆ. 35 ಅಥವಾ 24ರ ಪ್ರೈಮ್ ಒಂದು ಸಾಕು. ಬ್ಯಾರನ್ ಒಳಗೆ ಕತ್ತಲೆ, ಜಾಗವೂ ಕಮ್ಮಿ.

ಇನ್ನೊಂದು: ಸೊಪ್ಪು ಹಳದಿ ತಿರುಗುವ ಮೊದಲ ದಿನಗಳಲ್ಲಿ ಬ್ಯಾರನ್ ಒಳಗೆ ಬಿಸಿ ಜೊತೆಗೆ ತೇವ ತುಂಬಿರುತ್ತದೆ. ಹೊರಗಿನ ತಣ್ಣಗಿನ ಲೆನ್ಸು ಒಳಗೆ ಹೋದ ತಕ್ಷಣ ಮುಂದಿನ ಗಾಜು ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಬಾಗಿಲ ಬಳಿ ಸ್ವಲ್ಪ ಹೊತ್ತು ಲೆನ್ಸನ್ನು ಬೆಚ್ಚಗಾಗಲು ಬಿಡಿ, ಅಷ್ಟರಲ್ಲಿ ಬೆಂಕಿ ನೋಡಿಕೊಳ್ಳುವವನ ಜೊತೆ ಮಾತಾಡಿ.

7. ಅಗಲದ ಲೆನ್ಸು ಎಲ್ಲವನ್ನೂ ಹಿಡಿಸುತ್ತದೆ, ಎಲ್ಲವನ್ನೂ ವಾಲಿಸುತ್ತದೆ

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್‌ನ ಸ್ವರ್ಣ ಮಂದಿರದ ಮೂರ್ತಿಗಳು ಸುಮಾರು 60 ಅಡಿ. ಹೋದವರೆಲ್ಲ 14 ಎಂಎಂ ಹಾಕಿ, ಮುಂದೆ ನಿಂತು, ಕ್ಯಾಮೆರಾ ಮೇಲೆತ್ತುತ್ತಾರೆ. ಬುದ್ಧ ಹಿಂದಕ್ಕೆ ಬೀಳುತ್ತಿರುವ ಹಾಗೆ ಬರುತ್ತದೆ. ಬಾಗಿಲ ಕಡೆಗೆ ಆದಷ್ಟು ಹಿಂದೆ ಸರಿದು 24ರಿಂದ 35ರೊಳಗೆ ತೆಗೆದರೆ ಮೂರ್ತಿ ನೆಟ್ಟಗೆ ಕೂರುತ್ತದೆ, ಕೆಳಗಿನ ಭಿಕ್ಷುಗಳ ಅಳತೆಯೂ ಸಿಗುತ್ತದೆ. ಪ್ರಾರ್ಥನೆ ನಡೆಯುವಾಗ ಫ್ಲ್ಯಾಶ್ ಬೇಡ. ಅಷ್ಟೂ ಗೊತ್ತಿಲ್ಲದವರನ್ನು ಪ್ರತಿ ಭಾನುವಾರ ನೋಡುತ್ತೇನೆ.

ದಸರಾ ಗಜಪಯಣಕ್ಕೆ ವೀರನಹೊಸಹಳ್ಳಿಯಲ್ಲಿ ಆನೆಗಳು ಸೇರಿದಾಗಲೂ ಅಗಲದ ಲೆನ್ಸೇ ಕೆಲಸಕ್ಕೆ ಬರುವುದು. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆ ಕಾರ್ಯಾಚರಣೆಯಲ್ಲಿ ತೀರಿಕೊಂಡ ಮೇಲೆ ಅವನ ಫೋಟೋ ಕೇಳಿಕೊಂಡು ತುಂಬ ಜನ ಬಂದರು. ಟೆಲಿಯಲ್ಲಿ ಹಿಡಿದ ದಂತದ ಕ್ಲೋಸಪ್ಪುಗಳನ್ನು ಯಾರೂ ಒಯ್ಯಲಿಲ್ಲ. ಮಾವುತ, ಕಾವಾಡಿ, ಬೆಲ್ಲ ಹಿಡಿದ ಮಕ್ಕಳು ಎಲ್ಲರೂ ಇದ್ದ 28 ಎಂಎಂನ ಪ್ರಿಂಟೇ ಹೋದದ್ದು.

8. ಲೆನ್ಸಿಗೆ ಶತ್ರು ಕಲ್ಲಲ್ಲ, ಜುಲೈ ತಿಂಗಳು

ಕೆಳಗೆ ಬಿದ್ದ ಲೆನ್ಸಿಗಿಂತ ಬ್ಯಾಗಿನಲ್ಲಿ ಮಲಗಿದ ಲೆನ್ಸು ಹೆಚ್ಚು ಹಾಳಾಗಿದೆ. ಮಳೆಗಾಲದ ತೇವಕ್ಕೆ ಒಳಗಾಜಿನ ಮೇಲೆ ಫಂಗಸ್ ಹಿಡಿಯುತ್ತದೆ, ಸಣ್ಣ ಜೇಡರ ಬಲೆಯ ಹಾಗೆ. ಬೇಗ ಕಂಡರೆ ಬಿಚ್ಚಿ ಒರೆಸಬಹುದು, ಕೋಟಿಂಗ್ ತಿಂದ ಮೇಲೆ ಏನೂ ಮಾಡುವಂತಿಲ್ಲ. ಚರ್ಮದ ಕೇಸು ಎಲ್ಲಕ್ಕಿಂತ ಕೆಟ್ಟದ್ದು, ಅದೇ ತೇವ ಹೀರಿ ಇಟ್ಟುಕೊಳ್ಳುತ್ತದೆ.

ಹಳೇ ಸ್ಟುಡಿಯೊಗಳವರು ಬೀರುವಿನೊಳಗೆ 15 ವ್ಯಾಟಿನ ಬಲ್ಬ್ ಉರಿಸಿಡುತ್ತಿದ್ದರು. ಈಗ ಡ್ರೈ ಕ್ಯಾಬಿನೆಟ್ ಸಿಗುತ್ತದೆ, ತೇವಾಂಶ 40ರಿಂದ 50ರ ನಡುವೆ ಇಟ್ಟರೆ ಸರಿ. ತೀರಾ ಒಣಗಿಸಿದರೂ ಒಳಗಿನ ಗ್ರೀಸಿಗೆ ಒಳ್ಳೆಯದಲ್ಲ. ಅಷ್ಟು ದುಡ್ಡಿಲ್ಲವೆಂದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ; ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ, ಅದಕ್ಕೆ ಬೇರೆ ತಟ್ಟೆ ಇಡಿ. ಎಲ್ಲಕ್ಕಿಂತ ಒಳ್ಳೆಯ ಔಷಧ, ವಾರಕ್ಕೊಮ್ಮೆಯಾದರೂ ಲೆನ್ಸನ್ನು ಬಳಸುವುದು.

ಚುಂಚನಕಟ್ಟೆಯಲ್ಲಿ ಕಾವೇರಿ ತುಂಬಿ ಧುಮುಕುವಾಗ ಹನಿ ನೂರಡಿ ಆಚೆಗೂ ಹಾರುತ್ತದೆ. ಫಿಲ್ಟರ್ ಹಾಕಿಕೊಳ್ಳಿ, ಹುಡ್ ಹಾಕಿಕೊಳ್ಳಿ, ಮನೆಗೆ ಬಂದು ಬ್ಯಾಗು ಬಿಚ್ಚಿ ಆರಲು ಬಿಡಿ.

9. ಹಳೇ ಲೆನ್ಸು ಕೊಳ್ಳುವಾಗ ಟಾರ್ಚು ಮತ್ತು ಪೇಪರು ಜೊತೆಗಿರಲಿ

ಮಿರರ್‌ಲೆಸ್ ಬಂದ ಮೇಲೆ ಹಳೇ ಲೆನ್ಸುಗಳಿಗೆ ಮರುಹುಟ್ಟು. ಸೋವಿಯೆಟ್ ಕಾಲದ ಹೀಲಿಯೋಸ್ 44-2, 58 ಎಂಎಂ ಎಫ್ 2, ಒಂದು ಅಡಾಪ್ಟರ್ ಸಿಕ್ಕಿಸಿದರೆ ಹೊಸ ಕ್ಯಾಮೆರಾಕ್ಕೆ ಕೂರುತ್ತದೆ. ಹಿಂದೆ ಎಲೆಗಳಿದ್ದರೆ ಅವು ಸುತ್ತು ತಿರುಗಿದ ಹಾಗೆ ಮಸುಕಾಗುತ್ತವೆ. ಪ್ರಿ-ವೆಡ್ಡಿಂಗ್ ಹುಡುಗರಿಗೆ ಇದು ಪಂಚಪ್ರಾಣ. ನನಗೆ ಎರಡು ಫೋಟೋಗೆ ಚೆಂದ, ಹತ್ತಕ್ಕೆ ತಲೆನೋವು.

ಕೊಳ್ಳುವ ಮುಂಚೆ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಫಂಗಸ್, ಮಬ್ಬು, ಗೀರು ಎಲ್ಲ ಕಾಣುತ್ತದೆ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಡಿ, ಅದು ಫೋಟೋದಲ್ಲಿ ಬರುವುದಿಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯೇ, ಮೌಂಟಿನ ಸ್ಕ್ರೂ ತಲೆ ತಿಂದುಹೋಗಿದೆಯೇ ನೋಡಿ. ತಿಂದಿದ್ದರೆ ಯಾರೋ ಬಿಚ್ಚಿದ್ದಾರೆ. ಆಮೇಲೆ ಗೋಡೆಗೆ ದಿನಪತ್ರಿಕೆಯ ಎರಡು ಹಾಳೆ ಅಂಟಿಸಿ, ನೇರವಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ನಾಲ್ಕು ಮೂಲೆಯ ಅಕ್ಷರವೂ ಒಂದೇ ಸಮ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಮಬ್ಬಾದರೆ ಒಳಗಿನ ಗಾಜು ಜರುಗಿದೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

10. ದೊಡ್ಡದನ್ನು ಕೊಳ್ಳುವ ಮುಂಚೆ ಬಾಡಿಗೆಗೆ ತನ್ನಿ

ಮೈಸೂರು, ಬೆಂಗಳೂರಿನಲ್ಲಿ ದಿನದ ಲೆಕ್ಕಕ್ಕೆ ಲೆನ್ಸು ಕೊಡುತ್ತಾರೆ. ಗುರುತಿನ ಚೀಟಿ, ಅಡ್ವಾನ್ಸು ಕೇಳುತ್ತಾರೆ. ಕೌಂಟರಿನಲ್ಲೇ ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಮುಂದಿನ ಹಿಂದಿನ ಗಾಜಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡೇ ಹೊರಡಿ, ಆಮೇಲೆ ಗೀರಿನ ಜಗಳ ಬೇಡ. ಮೊದಲ ದಿನವೇ ಕಾಡಿಗೆ ಹೋಗಬೇಡಿ. ಕೆ.ಆರ್. ನಗರದ ಕಡೆ ಗದ್ದೆ ಬಯಲಿಗೆ ಹೋಗಿ, ನಾಟಿ ಸಮಯವಾದರೆ ಬೆಳ್ಳಕ್ಕಿ ಬೇಕಾದಷ್ಟು ಸಿಗುತ್ತವೆ. ಹಾರುವ ಬೆಳ್ಳಕ್ಕಿಯನ್ನು ಫ್ರೇಮಿನೊಳಗೆ ಇಟ್ಟುಕೊಂಡು ಅರ್ಧ ಗಂಟೆ ಕೈಲಿ ಹಿಡಿಯಿರಿ. ಭುಜ ಏನು ಹೇಳುತ್ತದೋ ನೋಡಿ, ಮಾರನೆಯ ದಿನ ಅದನ್ನೇ ಹೊತ್ತು ದಮ್ಮನಕಟ್ಟೆಗೆ ಹೋಗಬೇಕೋ 70-200 ಸಾಕೋ ತೀರ್ಮಾನ ಮಾಡಿ.